ರೆಗ್ಗೇ ಸಂಗೀತದ ಹಿಂದೆ ಒಬ್ಬ ಸಿಸ್ಟರ್: ಜಮೈಕಾದ ಮೇರಿ ಇಗ್ನೇಷಿಯಸ್ ಡೇವಿಸ್ ಯಾರು, ಅವರು ಮಾಡಿದ್ದೇನು?

ಸಬೀನಾ ಪಾರ್ಕ್ ಹೆಸರು ಕ್ರಿಕೆಟ್ ನೋಡುವ ಕನ್ನಡಿಗರಿಗೆ ಹೊಸದಲ್ಲ. 1976ರಲ್ಲಿ ಗುಂಡಪ್ಪ ವಿಶ್ವನಾಥ್ ಬೆರಳು ಮುರಿದುಕೊಂಡಿದ್ದು, ಬ್ರಿಜೇಶ್ ಪಟೇಲ್ ತುಟಿ ಒಡೆದುಕೊಂಡಿದ್ದು ಅಲ್ಲೇ. 2006ರಲ್ಲಿ ರಾಹುಲ್ ದ್ರಾವಿಡ್ 81 ಮತ್ತು 68 ರನ್ ಹೊಡೆದು, ವೆಸ್ಟ್ ಇಂಡೀಸ್ ನೆಲದಲ್ಲಿ ಭಾರತಕ್ಕೆ ಸರಣಿ ಗೆದ್ದುಕೊಟ್ಟಿದ್ದೂ ಅಲ್ಲೇ. ಈ ಮೈದಾನ ಇರುವುದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ಸೌತ್ ಕ್ಯಾಂಪ್ ರಸ್ತೆಯಲ್ಲಿ.

ಅದೇ ರಸ್ತೆಯಲ್ಲಿ ಆಲ್ಫಾ ಅನ್ನುವ ಇನ್ನೊಂದು ಜಾಗ ಇದೆ. ಕ್ರಿಕೆಟ್‌ನವರಿಗೆ ಸಬೀನಾ ಪಾರ್ಕ್ ಹೇಗೋ, ಸಂಗೀತದವರಿಗೆ ಆಲ್ಫಾ ಹಾಗೆ. ಬಡ ಹುಡುಗರಿಗಾಗಿ ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುತ್ತಿದ್ದ ಬೋರ್ಡಿಂಗ್ ಶಾಲೆ ಅದು. ಅಲ್ಲಿ ಮೇರಿ ಇಗ್ನೇಷಿಯಸ್ ಡೇವಿಸ್ ಎಂಬ ಸಿಸ್ಟರ್ 1939ರಿಂದ 2003ರವರೆಗೆ, ಅಂದರೆ ಹೆಚ್ಚುಕಡಿಮೆ 64 ವರ್ಷ ಕೆಲಸ ಮಾಡಿದರು. ಅವರ ಕೈಕೆಳಗೆ ಬೆಳೆದ ಹುಡುಗರು ಮುಂದೆ ಜಮೈಕಾದ ಸಂಗೀತವನ್ನೇ ಕಟ್ಟಿದರು.

ರೆಗ್ಗೇ ಈಗ ನಮ್ಮ ಕಿವಿಗೂ ಅಭ್ಯಾಸವಾಗಿದೆ. ಕಾಫಿ ಅಂಗಡಿಯಲ್ಲಿ, ರೀಲ್ಸ್‌ನಲ್ಲಿ, ನಮ್ಮದೇ ಸಿನಿಮಾ ಹಾಡುಗಳ ತಾಳದಲ್ಲಿ ಅದು ಬರುತ್ತಲೇ ಇರುತ್ತದೆ. ರೆಗ್ಗೇ ಗಾಯಕ ಬಾಬ್ ಮಾರ್ಲಿಯ ಮುಖ ಇರುವ ಟೀ ಶರ್ಟ್ ನೋಡದವರು ಕಡಿಮೆ. 2018ರಲ್ಲಿ ಯುನೆಸ್ಕೋ ರೆಗ್ಗೇಯನ್ನು ಮನುಕುಲದ ಪರಂಪರೆಯ ಪಟ್ಟಿಗೂ ಸೇರಿಸಿತು. ಆದರೆ ಅಷ್ಟು ಚಿಕ್ಕ ದ್ವೀಪದಲ್ಲಿ ಅಷ್ಟೊಂದು ಒಳ್ಳೆಯ ವಾದಕರು ಎಲ್ಲಿಂದ ಬಂದರು, ಅವರಿಗೆ ಕಲಿಸಿದವರು ಯಾರು ಅನ್ನುವುದು ಜಾಸ್ತಿ ಜನರಿಗೆ ಗೊತ್ತಿಲ್ಲ.

ಆಲ್ಫಾ ಹೇಗೆ ಶುರುವಾಯಿತು?

1880ರಲ್ಲಿ ಜೆಸ್ಸಿ ರಿಪೋಲ್ ಎಂಬ ಕಿಂಗ್‌ಸ್ಟನ್ ಮಹಿಳೆ ಇಬ್ಬರು ಗೆಳತಿಯರ ಜೊತೆ ಸೇರಿ 43 ಎಕರೆ ಜಾಗ ಕೊಂಡರು. ಮೊದಲು ಬಂದದ್ದು ಒಬ್ಬಳೇ ಅನಾಥ ಹುಡುಗಿ. ನಾಲ್ಕು ವರ್ಷದ ನಂತರ ಹುಡುಗರನ್ನೂ ಸೇರಿಸಿಕೊಂಡರು. 1890ರಲ್ಲಿ ಇಂಗ್ಲೆಂಡಿನಿಂದ 'ಸಿಸ್ಟರ್ಸ್ ಆಫ್ ಮರ್ಸಿ' ಎಂಬ ಕ್ಯಾಥೊಲಿಕ್ ಸಂಘದ ಸಿಸ್ಟರ್‌ಗಳು ಬಂದು ಜವಾಬ್ದಾರಿ ವಹಿಸಿಕೊಂಡರು. ರಿಪೋಲ್ ಕೂಡ ಅದೇ ಸಂಘ ಸೇರಿ ಸಿಸ್ಟರ್ ಆದರು.

ಆಗ ಜಮೈಕಾ ಬ್ರಿಟಿಷರ ವಸಾಹತು. ಆಲ್ಫಾ ಶುರುವಾದಾಗ ಗುಲಾಮಗಿರಿ ಪೂರ್ತಿ ಮುಗಿದು ಇನ್ನೂ 50 ವರ್ಷವೂ ಆಗಿರಲಿಲ್ಲ. ಭೂಮಿ ಇಲ್ಲದ, ಕೂಲಿ ಸಿಗದ ಜನ ಹಳ್ಳಿ ಬಿಟ್ಟು ಕಿಂಗ್‌ಸ್ಟನ್‌ಗೆ ಬರುತ್ತಿದ್ದರು. ಬೀದಿಯಲ್ಲಿ ಉಳಿದ ಮಕ್ಕಳನ್ನು ಏನು ಮಾಡುವುದು? ಸರ್ಕಾರ ಕಂಡುಕೊಂಡ ದಾರಿ ಇಂಡಸ್ಟ್ರಿಯಲ್ ಸ್ಕೂಲ್.

ಹೆಸರಿನಲ್ಲಿ ಇಂಡಸ್ಟ್ರಿ ಇದ್ದರೂ ಇದು ಕಾರ್ಖಾನೆ ಅಲ್ಲ. ಮಕ್ಕಳನ್ನು ಅಲ್ಲೇ ಇಟ್ಟುಕೊಂಡು, ಊಟ ಬಟ್ಟೆ ಕೊಟ್ಟು, ಒಂದಿಷ್ಟು ಓದು ಮತ್ತು ಒಂದು ಕೈಕೆಲಸ ಕಲಿಸುವ ಜಾಗ. ಅನಾಥರು ಬರುತ್ತಿದ್ದರು. ಸಾಕಲು ಆಗದ ತಾಯಂದಿರು ತಂದು ಬಿಡುತ್ತಿದ್ದರು. ಶಾಲೆ ತಪ್ಪಿಸಿ ಅಲೆಯುವ, ಸಣ್ಣಪುಟ್ಟ ಕಳ್ಳತನ ಮಾಡಿ ಸಿಕ್ಕಿಬಿದ್ದ ಹುಡುಗರನ್ನು ಕೋರ್ಟ್ ಕಳಿಸುತ್ತಿತ್ತು. ಹೀಗಾಗಿ ಆಲ್ಫಾ ಅನಾಥಾಲಯವೂ ಹೌದು, ಶಾಲೆಯೂ ಹೌದು, ದಾರಿ ತಪ್ಪಿದವರನ್ನು ತಿದ್ದುವ ಮನೆಯೂ ಹೌದು. ಟೈಲರಿಂಗ್, ಪ್ರಿಂಟಿಂಗ್, ಚಪ್ಪಲಿ ಕೆಲಸ, ಮರಗೆಲಸ, ತೋಟದ ಕೆಲಸ, ಇವುಗಳಲ್ಲಿ ಒಂದನ್ನು ಹುಡುಗ ಕಲಿಯಬೇಕಿತ್ತು. ಬ್ಯಾಂಡ್ ಕೂಡ ಹೀಗೇ ಕಲಿಯುವ ಒಂದು ಕಸುಬಾಗಿತ್ತು.

ಅನಾಥ ಮಕ್ಕಳಿಗೆ ಬ್ಯಾಂಡ್ ಯಾಕೆ?

ಆಲ್ಫಾದಲ್ಲಿ ಬ್ಯಾಂಡ್ ಶುರುವಾದದ್ದು 1892ರಲ್ಲಿ. ಆಗ ಇದ್ದದ್ದು ಡ್ರಮ್ ಮತ್ತು ಫೈಫ್ ಅನ್ನುವ ಸಣ್ಣ ಕೊಳಲು ಮಾತ್ರ. 1908ರಲ್ಲಿ ಕ್ಯಾಥೊಲಿಕ್ ಬಿಷಪ್ ಹಿತ್ತಾಳೆಯ ವಾದ್ಯಗಳನ್ನು ದಾನ ಕೊಟ್ಟರು. ಟ್ರಂಪೆಟ್, ಟ್ರಾಂಬೋನ್, ಟ್ಯೂಬಾ ಬಂದವು. ಅಲ್ಲಿಂದ ಅದು ನಿಜವಾದ ಬ್ರಾಸ್ ಬ್ಯಾಂಡ್ ಆಯಿತು.

ಮೊದಲಿಗೆ ಬ್ಯಾಂಡ್‌ನ ಉದ್ದೇಶ ಕಲೆ ಬೆಳೆಸುವುದು ಆಗಿರಲಿಲ್ಲ. ಸಾಲಾಗಿ ನಿಲ್ಲುವುದು, ಹೇಳಿದ ಹೊತ್ತಿಗೆ ಊದುವುದು, ವಾದ್ಯ ಉಜ್ಜಿ ಹೊಳೆಯುವಂತೆ ಇಡುವುದು, ಇದರಿಂದ ಹುಡುಗರಿಗೆ ಶಿಸ್ತು ಬರುತ್ತದೆ ಎಂಬ ನಂಬಿಕೆ. ಅದಕ್ಕಿಂತ ಮುಖ್ಯವಾಗಿ, ಬ್ಯಾಂಡ್ ಕಲಿತವನಿಗೆ ಕೆಲಸ ಸಿಗುತ್ತಿತ್ತು. ಬ್ರಿಟಿಷ್ ಸೈನ್ಯದ ವೆಸ್ಟ್ ಇಂಡಿಯಾ ರೆಜಿಮೆಂಟ್‌ಗೆ ತನ್ನದೇ ಬ್ಯಾಂಡ್ ಇತ್ತು. 1927ರಲ್ಲಿ ಆ ರೆಜಿಮೆಂಟ್ ಮುಚ್ಚಿದ ಮೇಲೆ ಜಮೈಕಾ ಮಿಲಿಟರಿ ಬ್ಯಾಂಡ್ ಹುಟ್ಟಿತು. ಇವಕ್ಕೆ ನೋಟ್ಸ್ ಓದಿ ನುಡಿಸಬಲ್ಲ ಹುಡುಗರು ಬೇಕಿತ್ತು. ಸಮವಸ್ತ್ರ, ಸಂಬಳ, ಇರಲು ಜಾಗ. ಅಪ್ಪ ಅಮ್ಮ ಇಲ್ಲದ ಹುಡುಗನಿಗೆ ಇದಕ್ಕಿಂತ ಇನ್ನೇನು ಬೇಕು?

ಇಲ್ಲಿ ನೋಟ್ಸ್ ಅಂದರೆ ಸ್ಟಾಫ್ ನೊಟೇಶನ್. ಐದು ಗೆರೆಗಳ ಮೇಲೆ ಚುಕ್ಕೆ ಇಟ್ಟು ಸ್ವರವನ್ನೂ ಅದರ ಉದ್ದವನ್ನೂ ಬರೆಯುವ ಪಾಶ್ಚಾತ್ಯ ಪದ್ಧತಿ. ಇದು ಗೊತ್ತಿದ್ದವನು ಮೊದಲು ಕೇಳಿಯೇ ಇಲ್ಲದ ಸಂಗೀತವನ್ನೂ ಕಾಗದ ನೋಡಿ ನುಡಿಸಬಲ್ಲ. ಆಲ್ಫಾ ಹುಡುಗರಿಗೆ ಇದು ಚಿಕ್ಕ ವಯಸ್ಸಿನಲ್ಲೇ ಕೈಹಿಡಿಯಿತು. ಇದರಿಂದ ಮುಂದೆ ಏನಾಯಿತು ಅನ್ನುವುದನ್ನು ಸ್ಟುಡಿಯೋ ಮಾತು ಬಂದಾಗ ನೋಡೋಣ.

ಸಿಸ್ಟರ್ ಇಗ್ನೇಷಿಯಸ್ ಬಂದರು

ಮೇರಿ ಇಗ್ನೇಷಿಯಸ್ ಡೇವಿಸ್ ಹುಟ್ಟಿದ್ದು 1921ರಲ್ಲಿ, ಕಿಂಗ್‌ಸ್ಟನ್ ಪಕ್ಕದ ಸೇಂಟ್ ಕ್ಯಾಥರೀನ್ ಪ್ರಾಂತ್ಯದ ಇನ್ಸ್‌ವುಡ್‌ನಲ್ಲಿ. ಚಿಕ್ಕವರಿದ್ದಾಗಲೇ ಕುಟುಂಬ ಕಿಂಗ್‌ಸ್ಟನ್‌ಗೆ ಬಂತು. ಓದಿದ್ದು ಅದೇ ಸಿಸ್ಟರ್‌ಗಳು ನಡೆಸುತ್ತಿದ್ದ ಹುಡುಗಿಯರ ಶಾಲೆ ಆಲ್ಫಾ ಅಕಾಡೆಮಿಯಲ್ಲಿ. ಶಾಲೆ ಮುಗಿಸಿ ಅದೇ ಸಂಘಕ್ಕೆ ಸೇರಿದರು. ಹುಡುಗರ ಶಾಲೆಯಲ್ಲಿ ಕೆಲಸ ಶುರು ಮಾಡಿದಾಗ ಅವರಿಗೆ ಇನ್ನೂ 20 ತುಂಬಿರಲಿಲ್ಲ.

ನೋಡಲು ತೆಳ್ಳಗೆ, ಕುಳ್ಳಗೆ. ಹುಡುಗರು ಪ್ರೀತಿಯಿಂದ 'ಸಿಸ್ಟರ್ ಇಗ್ಗಿ' ಅನ್ನುತ್ತಿದ್ದರು. ಮೈಯಲ್ಲಿ ಮೂಳೆ ಬಿಟ್ಟರೆ ಏನಿಲ್ಲ ಅಂತ 'ಬೋನ್ಸ್' ಎಂಬ ಅಡ್ಡಹೆಸರನ್ನೂ ಇಟ್ಟಿದ್ದರು. ಆದರೆ ಅದೇ ಸಿಸ್ಟರ್ ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದರು. ಅವರ ಜೊತೆ ಕ್ರಿಕೆಟ್, ಫುಟ್‌ಬಾಲ್ ಆಡುತ್ತಿದ್ದರು, ಡಾಮಿನೋ ಆಟಕ್ಕೂ ಕೂರುತ್ತಿದ್ದರು. ಆ ಕಾಲದ ಒಂದು ಕ್ಯಾಥೊಲಿಕ್ ಬೋರ್ಡಿಂಗ್ ಶಾಲೆಯನ್ನು ನೆನಪಿಸಿಕೊಂಡರೆ ಇದು ಎಷ್ಟು ಅಪರೂಪ ಅಂತ ಗೊತ್ತಾಗುತ್ತದೆ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ದಿನಾ ನಿಂತು ಟ್ರಂಪೆಟ್ ಊದುವುದು ಹೇಗೆ, ಯಾವ ಬೆರಳು ಎಲ್ಲಿ ಅಂತ ತಿದ್ದುತ್ತಿದ್ದವರು ಬ್ಯಾಂಡ್ ಮಾಸ್ಟರ್‌ಗಳು. ಅವರಲ್ಲಿ ರೂಬೆನ್ ಡೆಲ್ಗಾಡೊ ಬಹಳ ಕಟ್ಟುನಿಟ್ಟಿನವರು. 1950ರ ದಶಕದಲ್ಲಿ ಬಂದ ಲೆನ್ನಿ ಹಿಬ್ಬರ್ಟ್ ತಾವೇ ಆಲ್ಫಾದಲ್ಲಿ ಬೆಳೆದವರು, ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವೈಬ್ರಫೋನ್ ವಾದಕರಾಗಿ ಹೆಸರು ಮಾಡಿದವರು. ಹಾಗಾದರೆ ಸಿಸ್ಟರ್ ಇಗ್ನೇಷಿಯಸ್ ಕೆಲಸ ಏನು?

ಬ್ಯಾಂಡ್ ನಿಲ್ಲದಂತೆ ನೋಡಿಕೊಂಡಿದ್ದು ಅವರು. ಯಾವ ಹುಡುಗನಲ್ಲಿ ಸಂಗೀತ ಇದೆ ಅಂತ ಗಮನಿಸುವುದು, ಅವನಿಗೆ ಸರಿಹೋಗುವ ವಾದ್ಯದ ಕಡೆ ಕಳಿಸುವುದು, ಒಳ್ಳೆಯ ಸಂಗೀತ ಅಂದರೆ ಹೇಗಿರುತ್ತದೆ ಅಂತ ಕೇಳಿಸುವುದು, ಶಾಲೆ ಬಿಟ್ಟು ಹೋದ ಮೇಲೂ ಅವನು ಎಲ್ಲಿದ್ದಾನೆ ಅಂತ ವಿಚಾರಿಸುವುದು. ಬ್ಯಾಂಡ್ ಮಾಸ್ಟರ್‌ಗಳು ಬಂದರು, ಹೋದರು. ಸಿಸ್ಟರ್ ಮಾತ್ರ ಆರು ದಶಕ ಅಲ್ಲೇ ಇದ್ದರು. ಹಳೆಯ ವಿದ್ಯಾರ್ಥಿಗಳು ನೆನಪಿಸಿಕೊಳ್ಳುವಾಗ ಅವರ ಹೆಸರೇ ಮೊದಲು ಬರುವುದು ಇದಕ್ಕೇ ಅಂತ ನನಗನ್ನಿಸುತ್ತದೆ.

ಸಿಸ್ಟರ್ ಕೊಂಡ ಸೌಂಡ್ ಸಿಸ್ಟಮ್

ಜಮೈಕಾದಲ್ಲಿ ಸೌಂಡ್ ಸಿಸ್ಟಮ್ ಅಂದರೆ ಮನೆಯ ಸ್ಪೀಕರ್ ಅಲ್ಲ. ಗಣೇಶನ ಹಬ್ಬದಲ್ಲಿ ನಮ್ಮ ಬೀದಿಗೆ ಬರುವ ಡಿಜೆ ಸೆಟ್ ಇದೆಯಲ್ಲ, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಆಂಪ್ಲಿಫೈಯರ್, ಹಾಡು ಹಾಕುವವನು, ಸುತ್ತ ಕುಣಿಯುವ ಜನ, ಅದೇ. ವ್ಯತ್ಯಾಸ ಇಷ್ಟೇ: ಅಲ್ಲಿ ಅದು ಹಬ್ಬದ ದಿನಕ್ಕೆ ಮಾತ್ರ ಅಲ್ಲ. 1950ರ ದಶಕದಲ್ಲಿ ರೇಡಿಯೋ ಕೊಳ್ಳಲು, ಹೋಟೆಲ್‌ನ ಆರ್ಕೆಸ್ಟ್ರಾ ನೋಡಲು ದುಡ್ಡಿಲ್ಲದ ಕಿಂಗ್‌ಸ್ಟನ್ ಜನಕ್ಕೆ ಸಂಗೀತ ಸಿಗುತ್ತಿದ್ದದ್ದೇ ಇದರಿಂದ. ಅಮೆರಿಕದಿಂದ ತರಿಸಿದ ರೆಕಾರ್ಡ್ ಹಾಕಿ ಬಯಲಿನಲ್ಲಿ ಡಾನ್ಸ್ ನಡೆಸುತ್ತಿದ್ದರು. ಯಾರ ಹತ್ತಿರ ಬೇರೆಯವರ ಬಳಿ ಇಲ್ಲದ ರೆಕಾರ್ಡ್ ಇದೆಯೋ ಅವರ ಕಡೆಗೆ ಜನ.

ಹೀಗೆ ಓಡುತ್ತಿದ್ದ ಸೌಂಡ್ ಸಿಸ್ಟಮ್‌ಗಳಲ್ಲಿ ಒಂದರ ಹೆಸರು 'ಮಟ್ ಆಂಡ್ ಜೆಫ್'. 1960ರ ದಶಕದಲ್ಲಿ ಸಿಸ್ಟರ್ ಇಗ್ನೇಷಿಯಸ್ ಅದನ್ನು ಕೊಂಡು ಶಾಲೆಗೆ ತಂದರು. ವಾರದ ಕೊನೆಗೆ ಸಿಸ್ಟರ್ ಉಡುಪಿನಲ್ಲೇ ಟರ್ನ್‌ಟೇಬಲ್ ಹಿಂದೆ ನಿಂತು ತಾವೇ ರೆಕಾರ್ಡ್ ಹಾಕುತ್ತಿದ್ದರು. ಟರ್ನ್‌ಟೇಬಲ್ ಅಂದರೆ ರೆಕಾರ್ಡ್ ಇಟ್ಟು ತಿರುಗಿಸುವ ಯಂತ್ರ. ಹುಡುಗರು ಕೇಳುತ್ತಿದ್ದರು, ಕುಣಿಯುತ್ತಿದ್ದರು.

ಅವರ ರೆಕಾರ್ಡ್ ಸಂಗ್ರಹ ದೊಡ್ಡದು. ಜಾಝ್, ಪಾಶ್ಚಾತ್ಯ ಶಾಸ್ತ್ರೀಯ, ಕ್ಯೂಬಾದ ಕುಣಿತದ ಸಂಗೀತ, ಮಿಲಿಟರಿ ಮಾರ್ಚ್, ರೆಗ್ಗೇಗಿಂತ ಮೊದಲಿನ ಸ್ಥಳೀಯ ಸಂಗೀತವಾದ ಸ್ಕಾ ಎಲ್ಲ ಅದರಲ್ಲಿತ್ತು. ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ಭಾಷಣದ ರೆಕಾರ್ಡ್ ಕೂಡ ಇತ್ತು. ಹುಡುಗರಿಗೆ ಏನು ಕೇಳಿಸಬಾರದು ಅನ್ನುವುದಕ್ಕಿಂತ ಏನೇನು ಕೇಳಿಸಬೇಕು ಅಂತ ಯೋಚಿಸಿದವರು ಅವರು. ಇದು ಸುಮ್ನೆ ಮನರಂಜನೆ ಆಗಿರಲಿಲ್ಲ. ಬೆಳಿಗ್ಗೆ ನೋಟ್ಸ್ ನೋಡಿ ಮಾರ್ಚ್ ನುಡಿಸಿದ ಹುಡುಗ ಸಂಜೆ ಒಬ್ಬ ದೊಡ್ಡ ಜಾಝ್ ವಾದಕ ಅದೇ ಟ್ರಂಪೆಟ್‌ನಲ್ಲಿ ಏನು ಮಾಡುತ್ತಾನೆ ಅಂತ ಕೇಳುತ್ತಿದ್ದ. ಕಣ್ಣಿಗೂ ಪಾಠ, ಕಿವಿಗೂ ಪಾಠ.

ಸ್ಕಾ ಅಂದರೇನು? ಬೆರಳಲ್ಲಿ ತಾಳ ಹಾಕಿ ನೋಡಿ

ರೆಗ್ಗೇಗಿಂತ ಮೊದಲು ಬಂದದ್ದು ಸ್ಕಾ. 1950ರ ದಶಕದ ಕೊನೆಯಿಂದ ರೂಪ ಪಡೆದು, 1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾದ ಹೊತ್ತಿಗೆ ಅದೇ ದೇಶದ ಸಂಗೀತ ಆಗಿತ್ತು. 1966ರ ಸುಮಾರಿಗೆ ಅದು ನಿಧಾನವಾಗಿ ರಾಕ್‌ಸ್ಟೆಡಿ ಆಯಿತು. 1968ರ ಹೊತ್ತಿಗೆ ಅದರಿಂದ ರೆಗ್ಗೇ ಬಂತು. ಮೂರಕ್ಕೂ ಬೇರು ಒಂದೇ: ಆಫ್ ಬೀಟ್.

ಮೇಜಿನ ಮೇಲೆ ಬೆರಳಿಂದ ಸಮನಾಗಿ ತಟ್ಟುತ್ತಾ 'ತಕ ತಕ ತಕ ತಕ' ಅನ್ನಿ. 'ತ' ಬಂದಾಗ ಬೆರಳು ಮೇಜಿಗೆ ಬೀಳಲಿ, 'ಕ' ಬಂದಾಗ ಬೆರಳು ಮೇಲಿರಲಿ. ಹೆಚ್ಚಿನ ಹಾಡುಗಳಲ್ಲಿ ಒತ್ತು ಬೀಳುವುದು 'ತ' ಮೇಲೆ. ಈಗ ಬೆರಳು ಹಾಗೇ ತಟ್ಟುತ್ತಿರಲಿ, ಬಾಯಲ್ಲಿ 'ಕ' ಮಾತ್ರ ಜೋರಾಗಿ, ಚುಟುಕಾಗಿ ಹೇಳಿ. ಬೆರಳು ಮೇಲೆ ಇರುವಾಗಲೆಲ್ಲ ಒಂದು ಚಟ್ ಅನ್ನುವ ಶಬ್ದ. ಸ್ಕಾದಲ್ಲಿ ಗಿಟಾರ್ ಮತ್ತು ಪಿಯಾನೋ ಮಾಡುವುದು ಇದನ್ನೇ. ಬೇಗ ಮಾಡಿದರೆ ಸ್ಕಾ. ಇದೇ ಆಫ್ ಬೀಟ್ ಉಳಿಸಿಕೊಂಡು ವೇಗ ತಗ್ಗಿಸಿ, ಕೆಳಗಿನ ಬಾಸ್ ಗಿಟಾರ್‌ಗೆ ಜಾಸ್ತಿ ಜಾಗ ಬಿಟ್ಟರೆ ರೆಗ್ಗೇ ಕಡೆ ಬರುತ್ತೀರಿ.

ಈ ತಾಳದ ಮೇಲೆ ಕೂರುವುದು ಹಾರ್ನ್ಸ್. ಅಂದರೆ ಊದುವ ವಾದ್ಯಗಳು: ಟ್ರಂಪೆಟ್, ಟ್ರಾಂಬೋನ್, ಕದ್ರಿ ಗೋಪಾಲನಾಥರಿಂದ ನಮಗೆಲ್ಲ ಪರಿಚಯವಾದ ಸ್ಯಾಕ್ಸೋಫೋನ್. ಸ್ಕಾದಲ್ಲಿ ಹಾಡುಗಾರ ಇಲ್ಲದೆ ಹಾರ್ನ್ಸ್ ಮಾತ್ರವೇ ಇಡೀ ಹಾಡನ್ನು ನಡೆಸುವುದು ಬಹಳ ಸಾಮಾನ್ಯ. ಈ ವಾದ್ಯಗಳನ್ನು ಬಲ್ಲವರು ಇದ್ದದ್ದು ಎಲ್ಲಿ? ಒಂದು ದೊಡ್ಡ ಪಾಲು ಆಲ್ಫಾದಲ್ಲಿ.

ಸ್ಟುಡಿಯೋಗಳಿಗೆ ಆಲ್ಫಾ ಹುಡುಗರು ಯಾಕೆ ಬೇಕಾದರು?

1950ರ ದಶಕದ ಕೊನೆಗೆ ಅಮೆರಿಕದಲ್ಲಿ ಸಂಗೀತದ ರುಚಿ ಬದಲಾಯಿತು. ಕಿಂಗ್‌ಸ್ಟನ್ ಜನ ಇಷ್ಟಪಡುತ್ತಿದ್ದ ಬಗೆಯ ರೆಕಾರ್ಡ್ ಬರುವುದು ಕಡಿಮೆಯಾಯಿತು. ಆಗ ಸೌಂಡ್ ಸಿಸ್ಟಮ್ ಮಾಲೀಕರೇ ಸ್ಥಳೀಯವಾಗಿ ರೆಕಾರ್ಡ್ ಮಾಡಿಸಲು ಶುರು ಮಾಡಿದರು. ಅವರಲ್ಲಿ ಕಾಕ್ಸನ್ ಡಾಡ್ ಮತ್ತು ಡ್ಯೂಕ್ ರೀಡ್ ಮುಖ್ಯರು. ಡಾಡ್ 1963ರಲ್ಲಿ 'ಸ್ಟುಡಿಯೋ ಒನ್' ಕಟ್ಟಿದರು.

ಸ್ಟುಡಿಯೋ ಸಮಯ ಅಂದರೆ ದುಡ್ಡು. ಒಂದೇ ದಿನದಲ್ಲಿ ಹಲವು ಹಾಡು ಮುಗಿಸಬೇಕು. ಆಗಿನ ರೆಕಾರ್ಡಿಂಗ್‌ನಲ್ಲಿ ಎಲ್ಲರೂ ಒಟ್ಟಿಗೆ ನುಡಿಸಬೇಕಿತ್ತು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ಇಂಥ ಕಡೆ ಕಾಗದ ನೋಡಿದ ತಕ್ಷಣ ನುಡಿಸುವವನು, ಪಕ್ಕದವನ ಸ್ವರಕ್ಕೆ ಶ್ರುತಿ ಸೇರಿಸುವವನು, ಟ್ರಂಪೆಟ್ ಹೀಗೆ ಹೋದರೆ ಟ್ರಾಂಬೋನ್ ಹೀಗೆ ಹೋಗಲಿ ಅಂತ ಅಲ್ಲೇ ಕೂತು ಬರೆದುಕೊಡುವವನು ಸಿಕ್ಕರೆ ಮಾಲೀಕನ ಅರ್ಧ ಕೆಲಸ ಮುಗಿದಂತೆ. ಮಾರ್ಚ್ ನುಡಿಸಲು ಕಲಿತ ಶಿಸ್ತು ಇಲ್ಲಿ ನೆರವಿಗೆ ಬಂತು. ಶಿಸ್ತಿನ ಆಚೆ ಏನಿದೆ ಅನ್ನುವುದನ್ನು ಜಾಝ್ ರೆಕಾರ್ಡ್‌ಗಳು ಆಗಲೇ ತೋರಿಸಿದ್ದವು.

1964ರಲ್ಲಿ ಈ ಸ್ಟುಡಿಯೋ ವಾದಕರೆಲ್ಲ ಸೇರಿ 'ಸ್ಕಾಟಲೈಟ್ಸ್' ಎಂಬ ತಂಡ ಕಟ್ಟಿದರು. ಅದರಲ್ಲಿ ಟೆನರ್ ಸ್ಯಾಕ್ಸೋಫೋನ್‌ನ ಟಾಮಿ ಮೆಕ್‌ಕುಕ್, ಆಲ್ಟೋ ಸ್ಯಾಕ್ಸೋಫೋನ್‌ನ ಲೆಸ್ಟರ್ ಸ್ಟರ್ಲಿಂಗ್, ಟ್ರಂಪೆಟ್‌ನ ಜಾನಿ ಮೂರ್, ಟ್ರಾಂಬೋನ್‌ನ ಡಾನ್ ಡ್ರಮ್ಮಂಡ್, ನಾಲ್ವರೂ ಆಲ್ಫಾ ಹುಡುಗರು. ಮೂಲ ತಂಡ ಉಳಿದದ್ದು ಒಂದು ವರ್ಷ ಚಿಲ್ಲರೆ ಮಾತ್ರ, 1965ರಲ್ಲೇ ಒಡೆಯಿತು. ಆದರೂ ಅಷ್ಟರಲ್ಲಿ ಅವರು ಮಾಡಿದ ರೆಕಾರ್ಡಿಂಗ್‌ಗಳೇ ಇಂದಿಗೂ ಸ್ಕಾದ ಅಳತೆಗೋಲು. ಆಗಿನ್ನೂ ಹದಿಹರೆಯದವನಾಗಿದ್ದ ಬಾಬ್ ಮಾರ್ಲಿ ತನ್ನ 'ವೇಲರ್ಸ್' ತಂಡದ ಜೊತೆ ಸ್ಟುಡಿಯೋ ಒನ್‌ನಲ್ಲಿ ಮೊದಲ ಹಿಟ್ ಹಾಡು ಹಾಡಿದಾಗ ಹಿಂದೆ ನುಡಿಸಿದವರು ಇದೇ ವಾದಕರ ಬಳಗ.

ಜಾನಿ ಮೂರ್ ಆಲ್ಫಾ ಸೇರಿದ ಕಥೆ ಕೇಳಬೇಕು. ಅವರಿಗೆ ಮನೆ ಇತ್ತು, ಅಪ್ಪ ಅಮ್ಮ ಇದ್ದರು. ಆದರೆ ಮನೆಯವರಿಗೆ ಮಗ ಸಂಗೀತಗಾರ ಆಗುವುದು ಇಷ್ಟವಿರಲಿಲ್ಲ. ಆಲ್ಫಾದಲ್ಲಿ ಬ್ಯಾಂಡ್ ಕಲಿಸುತ್ತಾರೆ, ಅಲ್ಲಿಗೆ ತುಂಟ ಹುಡುಗರನ್ನು ಕಳಿಸುತ್ತಾರೆ ಅಂತ ಗೊತ್ತಾದ ಮೇಲೆ ಹುಡುಗ ಬೇಕಂತಲೇ ಕಿತಾಪತಿ ಮಾಡಲು ಶುರು ಮಾಡಿದ. ಕೊನೆಗೆ ಬೇಸತ್ತು ಮನೆಯವರು ಅಲ್ಲಿಗೇ ಸೇರಿಸಿದರು. ಮೂರ್ ದೊಡ್ಡವರಾದ ಮೇಲೆ ಇದನ್ನು ತಾವೇ ಹೇಳಿಕೊಂಡಿದ್ದಾರೆ. ಶಿಕ್ಷೆ ಅಂತ ಕಳಿಸುವ ಜಾಗಕ್ಕೆ ಒಬ್ಬ ಹುಡುಗ ಹಟ ಮಾಡಿ ಹೋದ ಅಂದರೆ ಅಲ್ಲಿನ ಬ್ಯಾಂಡ್‌ಗೆ ಊರಲ್ಲಿ ಎಂಥ ಹೆಸರಿತ್ತು ಅಂತ ಊಹಿಸಬಹುದು, ಅಲ್ವಾ?

ಡಾನ್ ಡ್ರಮ್ಮಂಡ್ ಮತ್ತು ಟ್ರಾಂಬೋನ್

ಆಲ್ಫಾ ಅಂದ ಕೂಡಲೇ ಸಂಗೀತದವರು ಹೇಳುವ ವಾದ್ಯ ಟ್ರಾಂಬೋನ್. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಟ್ರಂಪೆಟ್‌ನಲ್ಲಿ ಒತ್ತಲು ಮೂರು ಗುಂಡಿಗಳಿವೆ. ಟ್ರಾಂಬೋನ್‌ನಲ್ಲಿ ಗುಂಡಿ ಇಲ್ಲ. ಒಂದರೊಳಗೆ ಒಂದು ಜಾರುವ ಉದ್ದನೆಯ ಕೊಳವೆ ಇರುತ್ತದೆ. ಬಲಗೈಯಿಂದ ಅದನ್ನು ಮುಂದೆ ತಳ್ಳಿದರೆ ಗಾಳಿ ಹೋಗುವ ದಾರಿ ಉದ್ದವಾಗಿ ಸ್ವರ ಇಳಿಯುತ್ತದೆ, ಹಿಂದೆ ಎಳೆದರೆ ಏರುತ್ತದೆ. ಒಟ್ಟು ಏಳು ನಿಲುಗಡೆ. ಆದರೆ ಕೊಳವೆಯ ಮೇಲೆ ಎಲ್ಲಿ ನಿಲ್ಲಿಸಬೇಕು ಅಂತ ಗುರುತು ಇರುವುದಿಲ್ಲ. ತೋಳಿನ ಅಳತೆ, ಕಿವಿಯ ಲೆಕ್ಕ, ಇವೆರಡರ ಮೇಲೇ ನಡೆಯಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುತ್ತಾ ಹೋಗಬಹುದಾದ್ದರಿಂದ ಅದರ ದನಿ ಮನುಷ್ಯರ ದನಿಗೆ ಬಹಳ ಹತ್ತಿರ.

ಡ್ರಮ್ಮಂಡ್‌ನನ್ನು ಅವನ ತಾಯಿ ಆಲ್ಫಾಗೆ ಸೇರಿಸಿದ್ದು ಶಾಲೆ ತಪ್ಪಿಸುತ್ತಾನೆ ಅಂತ. ಅಲ್ಲಿ ಅವನ ಕೈಗೆ ಟ್ರಾಂಬೋನ್ ಬಂತು. ದೊಡ್ಡವನಾಗುವಷ್ಟರಲ್ಲಿ ಅವನೇ ಚಿಕ್ಕ ಹುಡುಗರಿಗೆ ಹೇಳಿಕೊಡುತ್ತಿದ್ದ. ಅವನಿಂದ ಕಲಿತವರಲ್ಲಿ ರಿಕೋ ರೋಡ್ರಿಗೆಜ್ ಒಬ್ಬರು. ದೊಡ್ಡ ಹುಡುಗ ಚಿಕ್ಕವನಿಗೆ ಕಲಿಸುವ ಈ ಪದ್ಧತಿ ಆಲ್ಫಾದ ನಿಜವಾದ ಬಲ. ಮೇಷ್ಟ್ರು ಒಬ್ಬರೇ ಇದ್ದರೂ ಪಾಠ ನಿಲ್ಲುತ್ತಿರಲಿಲ್ಲ. ಮುಂದಿನ ತಲೆಮಾರಿನಲ್ಲಿ ವಿನ್ ಗಾರ್ಡನ್ ಬಂದರು. ಅವರನ್ನು ಸ್ಟುಡಿಯೋದವರು 'ಡಾನ್ ಡ್ರಮ್ಮಂಡ್ ಜೂನಿಯರ್' ಅಂತಲೇ ಕರೆದರು.

ಡ್ರಮ್ಮಂಡ್ ಬರೆದ ಸ್ವರಸಂಯೋಜನೆಗಳು ಹೆಚ್ಚಾಗಿ ಮೈನರ್ ಸ್ಕೇಲ್‌ನಲ್ಲಿವೆ, ಅಂದರೆ ದುಃಖದ ಛಾಯೆ ಇರುವ ಪಾಶ್ಚಾತ್ಯ ಸ್ವರಶ್ರೇಣಿಯಲ್ಲಿ. ಕುಣಿಯುವ ತಾಳ ಕೆಳಗಡೆ ನಡೆಯುತ್ತಿದ್ದರೂ ಮೇಲಿನ ಟ್ರಾಂಬೋನ್‌ನಲ್ಲಿ ಒಂದು ನೋವು ಇರುತ್ತದೆ. ಅವರ ಬದುಕಿನಲ್ಲೂ ಮಾನಸಿಕ ಕಾಯಿಲೆ ಇತ್ತು. ಹಲವು ಸಲ ಕಿಂಗ್‌ಸ್ಟನ್‌ನ ಬೆಲ್‌ವ್ಯೂ ಆಸ್ಪತ್ರೆಗೆ ಸೇರಿದ್ದರು. 1965ರ ಹೊಸ ವರ್ಷದ ಹೊತ್ತಿಗೆ ತಮ್ಮ ಜೊತೆಗಿದ್ದ ನರ್ತಕಿ ಅನಿತಾ ಮಹ್ಫೂದ್ ಅವರನ್ನು ಕೊಂದರು. ಮಾರ್ಗರಿಟಾ ಎಂಬ ಹೆಸರಲ್ಲಿ ಆಕೆ ಕಿಂಗ್‌ಸ್ಟನ್‌ನಲ್ಲಿ ಪ್ರಸಿದ್ಧ ಕಲಾವಿದೆ. ಕೋರ್ಟ್ ಡ್ರಮ್ಮಂಡ್‌ರನ್ನು ಮನಸ್ಸಿನ ಸ್ಥಿಮಿತ ಇಲ್ಲದವರು ಅಂತ ಆಸ್ಪತ್ರೆಗೆ ಕಳಿಸಿತು. 1969ರಲ್ಲಿ ಅಲ್ಲೇ ತೀರಿಕೊಂಡರು. ಆಲ್ಫಾದ ಕಥೆ ಹೇಳುವಾಗ ಇದನ್ನೂ ಹೇಳಲೇಬೇಕು. ಒಂದು ಜೀವ ಹೋಗಿದೆ, ಸಂಗೀತ ಎಷ್ಟು ದೊಡ್ಡದಾದರೂ ಅದನ್ನು ಮುಚ್ಚಬಾರದು.

ಸಮುದ್ರ ದಾಟಿದವರು

ಆಲ್ಫಾ ಹುಡುಗರಲ್ಲಿ ಹಲವರು ಇಂಗ್ಲೆಂಡಿಗೆ ಹೋದರು. ಮೊದಲಿಗರಲ್ಲಿ ಲೆಸ್ಲಿ ಥಾಂಪ್ಸನ್ ಒಬ್ಬರು. ಅವರು ಸಿಸ್ಟರ್ ಇಗ್ನೇಷಿಯಸ್ ಬರುವುದಕ್ಕಿಂತ ಎಷ್ಟೋ ಮೊದಲೇ ಅಲ್ಲಿ ಕಲಿತವರು, ವೆಸ್ಟ್ ಇಂಡಿಯಾ ರೆಜಿಮೆಂಟ್ ಬ್ಯಾಂಡ್‌ನಲ್ಲಿದ್ದವರು. 1930ರ ದಶಕದಲ್ಲಿ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಯುರೋಪ್ ಪ್ರವಾಸ ಬಂದಾಗ ಅವರ ತಂಡದಲ್ಲಿ ನುಡಿಸಿದರು.

ನಮಗೆ ಹೆಚ್ಚು ಹತ್ತಿರವಾಗುವ ಹೆಸರು ಜೋ ಹ್ಯಾರಿಯಟ್. 1928ರಲ್ಲಿ ಹುಟ್ಟಿ ಆಲ್ಫಾದಲ್ಲಿ ಬೆಳೆದ ಸ್ಯಾಕ್ಸೋಫೋನ್ ವಾದಕ, 1951ರಲ್ಲಿ ಇಂಗ್ಲೆಂಡ್ ಸೇರಿದರು. ಮೊದಲೇ ಗೊತ್ತುಮಾಡಿದ ಚೌಕಟ್ಟು ಇಲ್ಲದೆ ಎಲ್ಲರೂ ಸ್ವತಂತ್ರವಾಗಿ ನುಡಿಸುವ ಫ್ರೀ ಜಾಝ್ ಪ್ರಯೋಗವನ್ನು 1960ರ ಹೊತ್ತಿಗೇ ಮಾಡಿದವರು. ಆಮೇಲೆ ಅವರು ಕೈಹಾಕಿದ್ದು ಭಾರತೀಯ ಸಂಗೀತಕ್ಕೆ. ಕೋಲ್ಕತ್ತಾದಲ್ಲಿ ಹುಟ್ಟಿ ಲಂಡನ್‌ನಲ್ಲಿ ನೆಲೆಸಿದ್ದ ಜಾನ್ ಮೇಯರ್ ಜೊತೆ ಸೇರಿ ಐವರು ಜಾಝ್ ವಾದಕರು ಮತ್ತು ಮೇಯರ್ ಸೇರಿದಂತೆ ಐವರು ಭಾರತೀಯ ಸಂಗೀತದ ಕಡೆಯವರನ್ನು ಒಂದೇ ವೇದಿಕೆಗೆ ತಂದರು. ಸಿತಾರ್, ತಬಲಾ, ತಂಬೂರಿಯ ಪಕ್ಕದಲ್ಲಿ ಸ್ಯಾಕ್ಸೋಫೋನ್, ಟ್ರಂಪೆಟ್. ರಾಗಗಳನ್ನೇ ಆಧಾರ ಮಾಡಿಕೊಂಡು ಮೇಯರ್ ಬರೆದ ಸಂಗೀತ ಅದು. 1966ರಿಂದ ಅವರ ಇಂಡೋ ಜಾಝ್ ರೆಕಾರ್ಡ್‌ಗಳು ಬಂದವು. ಫ್ಯೂಷನ್ ಅನ್ನುವುದು ನಮ್ಮಲ್ಲಿ ಮಾಮೂಲಿ ಮಾತಾಗುವ ಎಷ್ಟೋ ಮೊದಲು ಕಿಂಗ್‌ಸ್ಟನ್‌ನ ಬೋರ್ಡಿಂಗ್ ಶಾಲೆಯ ಹುಡುಗನೊಬ್ಬ ರಾಗದ ಮೇಲೆ ಸ್ಯಾಕ್ಸೋಫೋನ್ ನುಡಿಸುತ್ತಿದ್ದ. ಈ ರೆಕಾರ್ಡಿಂಗ್‌ಗಳು ಕರ್ನಾಟಕದ ಸಂಗೀತ ಪ್ರಿಯರ ಕಿವಿಗೆ ಇನ್ನೂ ಸರಿಯಾಗಿ ಬಿದ್ದಿಲ್ಲ, ಬೀಳಬೇಕು ಅನ್ನುವುದು ನನ್ನ ಆಸೆ.

ರಿಕೋ ರೋಡ್ರಿಗೆಜ್ 1960ರ ದಶಕದ ಶುರುವಿನಲ್ಲಿ ಇಂಗ್ಲೆಂಡಿಗೆ ಹೋದರು. 1979ರಲ್ಲಿ ಅಲ್ಲಿನ ಯುವಕರು ಸ್ಕಾವನ್ನು ಮತ್ತೆ ಕೈಗೆತ್ತಿಕೊಂಡಾಗ 'ದಿ ಸ್ಪೆಷಲ್ಸ್' ತಂಡದ ರೆಕಾರ್ಡಿಂಗ್‌ನಲ್ಲಿ ಟ್ರಾಂಬೋನ್ ನುಡಿಸಿದ್ದು ಅವರೇ. ಕಿಂಗ್‌ಸ್ಟನ್‌ನಲ್ಲೇ ಉಳಿದವರೂ ಇದ್ದಾರೆ. ಚರ್ಮ, ಕೂದಲಿಗೆ ಬಣ್ಣವೇ ಬಾರದ ಆಲ್ಬಿನಿಸಂನೊಂದಿಗೆ ಹುಟ್ಟಿ, ಅನಾಥಾಲಯಗಳಲ್ಲಿ ಬೆಳೆದ ವಿನ್‌ಸ್ಟನ್ ಫಾಸ್ಟರ್ 'ಯೆಲ್ಲೋಮ್ಯಾನ್' ಹೆಸರಿನಲ್ಲಿ 1980ರ ದಶಕದ ಜಮೈಕಾದ ಅತಿ ದೊಡ್ಡ ತಾರೆಗಳಲ್ಲಿ ಒಬ್ಬರಾದರು. ಅವರೂ ಆಲ್ಫಾದವರು.

ಹಾಗಾದರೆ ಜಮೈಕಾ ಸಂಗೀತ ಪೂರ್ತಿ ಆಲ್ಫಾದ್ದೇನಾ?

ಅಲ್ಲ. ಸ್ಕಾಟಲೈಟ್ಸ್‌ನ ಡ್ರಮ್ಮರ್ ಲಾಯ್ಡ್ ನಿಬ್, ಬಾಸ್ ನುಡಿಸಿದ ಲಾಯ್ಡ್ ಬ್ರೆವೆಟ್, ಪಿಯಾನೋದ ಜಾಕಿ ಮಿಟ್ಟೂ ಆಲ್ಫಾದಲ್ಲಿ ಓದಿದವರಲ್ಲ. ಸ್ಯಾಕ್ಸೋಫೋನ್ ವಾದಕ ರೋಲಂಡ್ ಅಲ್ಫಾನ್ಸೋ ಕಲಿತದ್ದು ಸ್ಟೋನಿ ಹಿಲ್ ಎಂಬ ಇನ್ನೊಂದು ಇಂಡಸ್ಟ್ರಿಯಲ್ ಸ್ಕೂಲ್‌ನಲ್ಲಿ. ಜಮೈಕಾದಲ್ಲೇ ಹುಟ್ಟಿದ ರಾಸ್ತಫಾರಿ ಎಂಬ ಧರ್ಮದ ಜನರ ಡೋಲು, ಹಳ್ಳಿಯ ಮೆಂಟೋ ಹಾಡು, ಚರ್ಚಿನ ಹಾಡು, ಅಮೆರಿಕದ ರೆಕಾರ್ಡ್ ಎಲ್ಲವೂ ಸೇರಿ ಆದದ್ದು ಈ ಸಂಗೀತ. ತಾಳದ ಹೊಸತನ ಬಂದದ್ದು ಬೀದಿಯಿಂದ. ಆಲ್ಫಾ ಕೊಟ್ಟದ್ದು ಮುಖ್ಯವಾಗಿ ಊದುವ ವಾದ್ಯದವರನ್ನು.

ಇನ್ನೊಂದು ಮಾತು. ರಿಕೋ ಸೇರಿದಂತೆ ಆಲ್ಫಾದ ಎಷ್ಟೋ ಹುಡುಗರು ಮುಂದೆ ರಾಸ್ತಫಾರಿಗಳಾದರು. ಜಡೆ ಬಿಟ್ಟ ರಾಸ್ತಫಾರಿಗಳನ್ನು ಆಗ ಪೊಲೀಸರು ಹಿಡಿದು ಬಡಿಯುತ್ತಿದ್ದ ಕಾಲ. ಮರ್ಯಾದಸ್ಥರ ಮನೆಯಲ್ಲಿ ಅವರಿಗೆ ಜಾಗ ಇರಲಿಲ್ಲ. ಕ್ಯಾಥೊಲಿಕ್ ಸಿಸ್ಟರ್ ಒಬ್ಬರಿಗೆ ತಮ್ಮ ಹುಡುಗರು ಬೇರೆ ದಾರಿ ಹಿಡಿದದ್ದು ಸುಲಭದ ವಿಷಯ ಆಗಿರಲಿಕ್ಕಿಲ್ಲ. ಆದರೂ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಬರುತ್ತಲೇ ಇದ್ದರು, ಸಿಸ್ಟರ್ ಅವರ ರೆಕಾರ್ಡ್‌ಗಳನ್ನು ಕೂಡಿಡುತ್ತಲೇ ಇದ್ದರು.

ಸಿಸ್ಟರ್ ಹೋದ ಮೇಲೆ

2003ರ ಫೆಬ್ರವರಿ 9ರಂದು ಸಿಸ್ಟರ್ ಇಗ್ನೇಷಿಯಸ್ ತೀರಿಕೊಂಡರು. ವಯಸ್ಸು 81. ಅವರ ರೆಕಾರ್ಡ್ ಸಂಗ್ರಹ ಅಮೆರಿಕದ ಸಿಯಾಟಲ್ ನಗರದ ಸಂಗೀತ ಮ್ಯೂಸಿಯಂ ಸೇರಿದೆ. 2006ರಲ್ಲಿ ಆಲ್ಫಾ ವಿದ್ಯಾರ್ಥಿಗಳ ರೆಕಾರ್ಡಿಂಗ್‌ಗಳನ್ನು ಒಟ್ಟು ಮಾಡಿ ಇಂಗ್ಲೆಂಡಿನ ಟ್ರೋಜನ್ ಎಂಬ ರೆಕಾರ್ಡ್ ಕಂಪನಿ ಒಂದು ಆಲ್ಬಂ ತಂದಿತು. ಬ್ಯಾಂಡ್‌ನ ಜವಾಬ್ದಾರಿಯನ್ನು ಬಹಳ ವರ್ಷ ನೋಡಿಕೊಂಡವರು ವಿನ್‌ಸ್ಟನ್ ಮಾರ್ಟಿನ್. ಎಲ್ಲರೂ ಕರೆಯುವುದು 'ಸ್ಪ್ಯಾರೋ' ಅಂತ. ಅವರೂ ಅಲ್ಲೇ ಬೆಳೆದ ಹುಡುಗ.

2014ರಲ್ಲಿ ಬೋರ್ಡಿಂಗ್ ಮುಚ್ಚಿತು. ಹುಡುಗರು ಅಲ್ಲೇ ಮಲಗಿ, ಅಲ್ಲೇ ಎದ್ದು, ದಿನವಿಡೀ ವಾದ್ಯದ ಸದ್ದಿನ ನಡುವೆ ಬೆಳೆಯುತ್ತಿದ್ದ ವ್ಯವಸ್ಥೆ ಅಲ್ಲಿಗೆ ಮುಗಿಯಿತು. ಈಗ ಅದರ ಹೆಸರು ಆಲ್ಫಾ ಇನ್‌ಸ್ಟಿಟ್ಯೂಟ್. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಯುವಕರಿಗೆ ಕಸುಬು ಕಲಿಸುತ್ತಾರೆ. ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟಿಂಗ್, ಮರಗೆಲಸ, ತೋಟಗಾರಿಕೆಯ ಜೊತೆಗೆ ಆಲ್ಫಾ ಸ್ಕೂಲ್ ಆಫ್ ಮ್ಯೂಸಿಕ್ ಕೂಡ ಇದೆ. ಅಲ್ಲಿ ನೊಟೇಶನ್ ಪಾಠ ಇಂದಿಗೂ ಇದೆ, ಅದರ ಜೊತೆಗೆ ಕಂಪ್ಯೂಟರ್‌ನಲ್ಲಿ ರೆಕಾರ್ಡಿಂಗ್ ಮಾಡುವುದನ್ನೂ ಕಲಿಸುತ್ತಾರೆ. ಶಾಲೆಯದೇ ಒಂದು ಇಂಟರ್ನೆಟ್ ರೇಡಿಯೋ ಇದೆ. ಹಳೆಯ ವಿದ್ಯಾರ್ಥಿಗಳು ನುಡಿಸಿದ ಸಂಗೀತವೇ ಅದರಲ್ಲಿ ಬರುತ್ತದೆ. ಸ್ಕಾ ಕೇಳಿ ಅಭ್ಯಾಸ ಇಲ್ಲದವರು ಅಲ್ಲಿಂದಲೇ ಶುರು ಮಾಡಬಹುದು. ಮೊದಲು ಬಾಸ್ ಮತ್ತು ಗಿಟಾರ್ ಕಡೆ ಗಮನ ಕೊಟ್ಟು 'ತಕ' ಹಿಡಿಯಿರಿ. ತಾಳ ಕೈಗೆ ಸಿಕ್ಕ ಮೇಲೆ ಟ್ರಾಂಬೋನ್ ಎಲ್ಲಿ ಬರುತ್ತದೆ ಅಂತ ಹುಡುಕಿ. ಅದು ಡ್ರಮ್ಮಂಡ್ ಆಗಿರಬಹುದು, ರಿಕೋ ಆಗಿರಬಹುದು, ವಿನ್ ಗಾರ್ಡನ್ ಆಗಿರಬಹುದು. ಮೂವರ ದನಿಯೂ ಬೇರೆ ಬೇರೆ, ನಾಲ್ಕಾರು ಹಾಡು ಕೇಳುವಷ್ಟರಲ್ಲಿ ಯಾರು ಯಾರು ಅಂತ ನಿಮಗೇ ಗೊತ್ತಾಗುತ್ತಾ ಹೋಗುತ್ತದೆ.